ಆರು ಗಂಟೆಗಳ ಪರೀಕ್ಷೆ

ಆ ಹಳೆಯ ವಿದ್ಯುತ್ ಸ್ಥಾವರದ ಹಣೆಬರಹ ಒಂದು ದಿನದ ಪರೀಕ್ಷೆಯ ಮೇಲೆ ನಿಂತಿತ್ತು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಸುಡುವ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಮೂವತ್ತು ಪಾಲಾದರೂ ವಿದ್ಯುತ್ತಾಗಬೇಕು. ಇಲ್ಲದಿದ್ದರೆ ಅವತ್ತೇ ಬಾಗಿಲು ಮುಚ್ಚುವುದು. ಕಂಟ್ರೋಲ್ ರೂಮಿನಲ್ಲಿ ಕೂತಿದ್ದವಳು ತಂಗಿ. ಕೆಳಗೆ ಟರ್ಬೈನಿನ ಬುಡದಲ್ಲಿದ್ದ ಫಿಟರ್ ಅವಳ ಅಣ್ಣ. ಹಬೆ ಎಲ್ಲಿ ಸೋರಿದರೂ ಪತ್ತೆಹಚ್ಚುತ್ತಾನೆಂದು ಎಲ್ಲರೂ ಅವನನ್ನು ಮೂಗಣ್ಣ ಎನ್ನುತ್ತಿದ್ದರು. ಇಬ್ಬರ ಮನೆಯ ಒಲೆಯೂ ಉರಿಯುತ್ತಿದ್ದುದು ಇದೊಂದರಿಂದಲೇ.

ಹನ್ನೆರಡಕ್ಕೆ ಕಂಡೆನ್ಸರಿನ ನಿರ್ವಾತ ತೋರಿಸುವ ಮುಳ್ಳು ಇಳಿಯತೊಡಗಿತು. ಟರ್ಬೈನು ತಿರುಗಿಸಿದ ಹಬೆ ಕೆಳಗಿನ ಕಂಡೆನ್ಸರಿನಲ್ಲಿ ತಣಿದು ನೀರಾಗುತ್ತದೆ. ಅಲ್ಲಿ ಗಾಳಿ ಕಡಿಮೆ ಇದ್ದಷ್ಟೂ ಹಬೆ ಚೆನ್ನಾಗಿ ಹಿಗ್ಗಿ, ತನ್ನ ಕಸುವನ್ನೆಲ್ಲ ಟರ್ಬೈನಿಗೆ ಕೊಟ್ಟು ಹೋಗುತ್ತದೆ. ಹೊರಗಿನ ಗಾಳಿ ನುಗ್ಗಿತೋ, ಅಷ್ಟೇ ಕಲ್ಲಿದ್ದಲಿಗೆ ಕಡಿಮೆ ಕರೆಂಟು.

ತಂಗಿ ಫೋನೆತ್ತಿದಳು. “ಅಣ್ಣಾ, ಎಲ್ಲೋ ಗಾಳಿ ಎಳ್ಕೊಳ್ತಿದೆ. ಬೇಗ ನೋಡೋ!”

“ಹೊರಗೆ ಸೋರಿದ್ರೆ ಹಿಡೀತಿದ್ದೆ ಕಣೇ. ಒಳಗೆ ಹೋಗೋದಕ್ಕೆ ನನ್ನ ಮೂಗು ಏನ್ ಮಾಡುತ್ತೆ?” ನಗಿಸಲೆಂದೇ ಹೇಳಿದ.

ಲಾಕರಿನಿಂದ ತನ್ನ ಶೇವಿಂಗ್ ನೊರೆಯ ಡಬ್ಬಿ ತಂದು ಪೈಪುಗಳ ಒಂದೊಂದು ಜೋಡಣೆಗೂ ನೊರೆ ಬಳಿದ. ಬಿರುಕಿದ್ದಲ್ಲಿ ಗಾಳಿ ಅದನ್ನೂ ಒಳಗೆ ಎಳೆದುಕೊಂಡು ಹೋಗಬೇಕು. ಇಪ್ಪತ್ತು ಜೋಡಣೆಯಾಯಿತು, ನಲವತ್ತಾಯಿತು, ಎಲ್ಲ ಕಡೆಯೂ ನೊರೆ ಬೆಳ್ಳಗೆ ಹಾಗೇ ಕೂತಿತ್ತು.

“ಸಿಕ್ತಾ?”

“ಇಲ್ಲ. ಪದೇ ಪದೇ ಫೋನ್ ಮಾಡಬೇಡ!”

ಎರಡು ಗಂಟೆಗೆ, ಸುಡುವ ಪೈಪುಗಳ ಕೆಳಗೆ ಅಂಗಾತ ತೆವಳಿ ತಲುಪಿದ ಜೋಡಣೆಯೊಂದರಲ್ಲಿ ನೊರೆ ಸುಯ್ಯೆಂದು ಮಾಯವಾಯಿತು. ಗ್ರೀಸು ಮೆತ್ತಿದ ಬಟ್ಟೆ ತುರುಕಿ, ಅಂಗೈಯಿಂದ ಒತ್ತಿ ಹಿಡಿದ. ಮೇಲೆ ಕಂಟ್ರೋಲ್ ರೂಮಿನಲ್ಲಿ ಮುಳ್ಳು ಏರಿತು. ತಂಗಿ ಎಲ್ಲರೆದುರೇ ಅತ್ತುಬಿಟ್ಟಳು.

ನಾಲ್ಕಕ್ಕೆ, ಬೆಳಿಗ್ಗೆಯಿಂದ ಅವಳ ಪಕ್ಕದಲ್ಲೇ ಕೂತಿದ್ದ ಪರೀಕ್ಷಕರು ಲೆಕ್ಕ ಮುಗಿಸಿದರು. ಇಪ್ಪತ್ತೊಂಬತ್ತು ಪಾಯಿಂಟ್ ಆರು.

“ಕೆಟ್ಟಿದ್ದು ಎರಡೇ ಗಂಟೆ ಅಲ್ವಾ ಸಾರ್? ಆಮೇಲೆ ಸರಿ ಹೋಯ್ತಲ್ಲ!”

“ಕಲ್ಲಿದ್ದಲು ಉರಿದದ್ದು ಆರೂ ಗಂಟೆ ಅಮ್ಮಾ,” ಎಂದರು ಅವರು. ಕಣ್ಣೆತ್ತಿ ನೋಡಲಿಲ್ಲ.

ಇನ್ನೊಂದೇ ಒಂದು ಗಂಟೆ ಕೊಡಿ ಎಂದು ಅವಳು ಅಂಗಲಾಚಿದಳು. ಅವರು ಕಾಗದಕ್ಕೆ ಸಹಿ ಹಾಕಿದರು. ಹಬೆಯ ಕವಾಟ ಮುಚ್ಚುವ ಕೆಲಸ ಅವಳದೇ ಆಗಿತ್ತು, ಮುಚ್ಚಿದಳು. ಇಪ್ಪತ್ತು ವರ್ಷ ಕಿವಿಯಲ್ಲಿದ್ದ ಮೊರೆತ ಮೆಲ್ಲಗೆ ಇಳಿಯತೊಡಗಿತು.

ಕೆಳಗಿಳಿದು ಬಂದಾಗ ಅಣ್ಣ ಇನ್ನೂ ಪೈಪಿನಡಿಯೇ ಇದ್ದ, ಸೋರಿದ ಜೋಡಣೆಯ ಬೋಲ್ಟುಗಳ ಜೊತೆ ಹೆಣಗುತ್ತ. ಮೊಣಕೈ ಸುಟ್ಟು ಬೊಬ್ಬೆ ಎದ್ದಿತ್ತು. “ಎಷ್ಟು ಬಂತೇ?” ಎಂದ.

ಅವಳು ಪೈಪಿನ ಪಕ್ಕ ಮಂಡಿಯೂರಿದಳು. ಅವನು ಅವಳ ಮುಖ ನೋಡಿದ, ನಿಲ್ಲುತ್ತಿದ್ದ ಟರ್ಬೈನಿನ ಸದ್ದು ಕೇಳಿದ.

“ಎರಡು ಬೋಲ್ಟ್ ಬಾಕಿ ಇದೆ. ಸ್ಪ್ಯಾನರ್ ಕೊಡು,” ಎಂದ.

ಅವಳು ಕೊಟ್ಟಳು. ಅವನು ಬಿಗಿ ಮಾಡತೊಡಗಿದ.