ನೀರಿಗಿಳಿಯಲು ಬಿಡದವರು

ಸಂದರ್ಶನಕ್ಕೆಂದು ಕಡಲ ದಂಡೆಯ ಬೀದಿಯಲ್ಲಿ ಅವಳು ಬಾಡಿಗೆಗೆ ಹಿಡಿದಿದ್ದ ಕೋಣೆಯ ಗಾಜಿನ ಬಾಗಿಲಿಗೆ ಯಾರೋ ಮೇಣ ಮೆತ್ತಿದ್ದರು. ಸರ್ಫಿಂಗ್ ಹಲಗೆಯ ಮೇಲೆ ಕಾಲು ಜಾರದಿರಲೆಂದು ಉಜ್ಜುವ ಮೇಣ. ಅದರ ಮೇಲೆ ಬೆರಳಿನಿಂದ 'ಗಂಟುಮೂಟೆ ಕಟ್ಟು' ಎಂದು ಗೀಚಿದ್ದರು. ಅಲೆಯೇರಲು ಶುರು ಮಾಡಿದ ಮೇಲೆ ತನ್ನ ಸಿಟ್ಟೆಲ್ಲ ಇಳಿದುಹೋಗಿದೆ ಎಂದು ಹಿಂದಿನ ವಾರವಷ್ಟೇ ಒಬ್ಬ ಬಡಗಿ ಅವಳೆದುರು ಕೂತು ಹೇಳಿದ್ದ. ಈಗ ಮೇಣದ ಮುದ್ದೆ ಹಿಡಿದು ಎದುರಿನ ಕಟ್ಟೆಯ ಮೇಲೆ ಕೂತಿದ್ದವನು ಅವನೇ.

ಅವಳು ವಿಶ್ವವಿದ್ಯಾಲಯದ ಆರೋಗ್ಯ ವಿಭಾಗದವಳು. ಹವ್ಯಾಸಕ್ಕೆ ಅಲೆಯೇರುವವರ ಮೈಮನಸ್ಸಿಗೆ ಅದರಿಂದ ಏನು ಲಾಭ, ಎಷ್ಟು ಲಾಭ ಎಂದು ಕಂಡುಕೊಳ್ಳುವುದು ಅವಳ ಕೆಲಸ. ಆ ಊರಿಗೆ ಅವಳನ್ನು ಕರೆಸಿದವನು ಅಕ್ಕನ ಗಂಡ. ಬಂದರಿನವರು ಕಡಲೊಳಗೆ ಚಾಚಿದ ಕಲ್ಲಿನ ತಡೆಗೋಡೆಯನ್ನು ಉದ್ದ ಮಾಡಲು ಹೊರಟಿದ್ದರು. ಮಾಡಿದರೆ ಆ ತೀರದ ಒಳ್ಳೆಯ ಅಲೆ ಸತ್ತೇಹೋಗುತ್ತಿತ್ತು. ಭಾವ ಹಲಗೆ ರಿಪೇರಿ ಮಾಡುವವನು, ಅಲ್ಲಿನ ಸರ್ಫರುಗಳ ಗುಂಪಿಗೆ ಯಜಮಾನ. "ನಮ್ಮ ಹುಡುಗ್ರನ್ನ ಕೇಳು, ಬಂದರು ಸಮಿತಿ ಮುಂದೆ ಓದೋಕೆ ಒಂದು ವರದಿ ಚೆನ್ನಾಗಿ ಬರಿ. ಉಳಿದದ್ದು ನಾವು ನೋಡ್ಕೋತೀವಿ" ಎಂದು ಹೇಳಿ ಅವಳು ಉಳಿಯಲು ತನ್ನ ಮನೆಯ ಮಹಡಿ ಕೋಣೆಯನ್ನೂ ಬಿಟ್ಟುಕೊಟ್ಟಿದ್ದ.

ಗುಂಪಿನವರ ಮಾತು ಮುಗಿಯುವವರೆಗೆ ಎಲ್ಲವೂ ಸರಾಗವಾಗಿತ್ತು. ಬೆನ್ನುನೋವು ಹೋಯಿತು ಎಂದವನೊಬ್ಬ, ಕುಡಿತ ಬಿಟ್ಟೆ ಎಂದವನೊಬ್ಬ. ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಆಮೇಲೆ ಅವಳು ಸರ್ಫಿಂಗ್ ಬಿಟ್ಟವರನ್ನು ಹುಡುಕಿಕೊಂಡು ಹೊರಟಳು. ಅಲ್ಲಿಂದ ಕೆಟ್ಟಿತು.

ಬಿಟ್ಟವರಲ್ಲಿ ಒಬ್ಬಳು ಬಸ್ ಚಾಲಕಿ. ಡಿಪೋದ ವಿಶ್ರಾಂತಿ ಕೋಣೆಯಲ್ಲಿ, ಸ್ಪಂಜು ಹೊರಬಂದ ಸೋಫಾದ ಮೇಲೆ ಕೂತು ಗಲ್ಲದ ಮೇಲಿನ ಹೊಲಿಗೆಯ ಕಲೆ ತೋರಿಸಿದಳು.

"ಅಮ್ಮ ಹೋದ್ಮೇಲೆ ನಂಗೆ ನಿದ್ದೆನೇ ಇರ್ಲಿಲ್ಲ ಮೇಡಂ. ನೀರಿಗಿಳಿಯೋಕೆ ಶುರು ಮಾಡಿದ್ಮೇಲೆ ದಿಂಬಿಗೆ ತಲೆ ಇಟ್ರೆ ನಿದ್ದೆ. ಅಷ್ಟರಲ್ಲಿ ಅವ್ರ ಕಣ್ಣು ಕೆಂಪಾಯ್ತು. 'ಇದು ನಮ್ಮ ಅಲೆ, ಆಚೆ ಹೋಗು' ಅಂದ್ರು. ನಾನು ಜಗ್ಗಲಿಲ್ಲ. ಬೇಕಂತಲೇ ಹಲಗೆನ ನನ್ನ ಮುಖಕ್ಕೆ ಬಿಟ್ರು."

"ಯಾರು?"

"ಹಲಗೆ ರಿಪೇರಿ ಅಂಗಡಿಯವ್ರು."

ಅವಳು ಅಲ್ಲಿಂದ ನೇರ ಭಾವನ ಅಂಗಡಿಗೆ ಹೋದಳು. ಒಳಗೆ ಅಂಟಿನ ಘಾಟು, ಮೂಗು ಉರಿಸುವ ಬಿಳಿ ಧೂಳು. ಭಾವ ಒಂದು ಹಲಗೆಯ ಅಂಚು ಉಜ್ಜುತ್ತಿದ್ದ. ಅವಳು ವಿಷಯ ಹೇಳಿದಳು. ಅವನ ಕೈ ನಿಲ್ಲಲಿಲ್ಲ.

"ನಿನ್ನ ಕೆಲ್ಸ ಏನು? ಸರ್ಫಿಂಗಿಂದ ಒಳ್ಳೇದಾಗತ್ತೆ ಅಂತ ಬರಿಯೋದು. ಬರ್ದು ಹೋಗ್ತಾ ಇರು."

"ಅವಳಿಗೂ ಒಳ್ಳೇದಾಗಿತ್ತು ಭಾವ. ನೀವು ತಪ್ಪಿಸಿದ್ರಿ. ಅದೂ ವರದೀಲಿ ಬರ್ಬೇಕಲ್ಲ."

"ಬಂದ್ರೆ ಗೋಡೇನೂ ಬರತ್ತೆ. ನಾಲ್ಕು ಜನ ಪುಂಡರ ಆಟಕ್ಕೆ ಬಂದರು ಕೆಲ್ಸ ಯಾಕೆ ನಿಲ್ಲಿಸ್ಬೇಕು ಅಂತಾರೆ. ಈ ಅಂಗಡಿಗೆ ಬೀಗ. ನಿನ್ನಕ್ಕನ ಹೊಟ್ಟೆ ಮೇಲೆ ಹೊಡೀತೀಯಾ?"

"ಅವಳ ಗಲ್ಲ ಸೀಳಿತ್ತು."

"ಹೆದರ್ಕೊಳ್ಳೋರು ಈಜುಕೊಳಕ್ಕೆ ಹೋಗ್ಲಿ."

ಊಟದ ಹೊತ್ತಿಗೆ ಅಕ್ಕನಿಗೂ ಸುದ್ದಿ ಮುಟ್ಟಿತ್ತು. ತಂಗಿಯ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. "ಊರಲ್ಲಿ ಬೇರೆ ಯಾರೂ ಸಿಗ್ಲಿಲ್ವಾ ನಿಂಗೆ? ಇವ್ರ ತಪ್ಪೇ ಬೇಕಿತ್ತಾ?"

"ನಾನು ಹುಡುಕಿದ್ದಲ್ಲ ಅಕ್ಕ, ಸಿಕ್ಕಿದ್ದು."

"ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಳ್ಳೋದು ಎಳೆಮಕ್ಕಳ ಬುದ್ಧಿ."

ಮರುದಿನ ಬೆಳಿಗ್ಗೆಯೇ ಅವಳ ಕೋಣೆಯ ಗಾಜಿನ ಬಾಗಿಲಿಗೆ ಆ ಮೇಣ ಬಿದ್ದದ್ದು. ಆದರೂ ಬಂದರು ಕಚೇರಿಯ ಸಭೆಯಲ್ಲಿ ಅವಳು ಎರಡನ್ನೂ ಓದಿದಳು. ಅಲೆಯಿಂದ ಜನರಿಗೆ ಆದ ಹಿತ, ಆ ಹಿತಕ್ಕೆ ಬೇಲಿ ಹಾಕಿದ ಗುಂಪು. ಭಾವನ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಹಿಂದಿನ ಸಾಲಿನವರೆಲ್ಲ ಅವನತ್ತಲೇ ತಿರುಗಿದ್ದರು. ಬಡಗಿ ಎದ್ದು "ಮನೆಹಾಳಿ!" ಎಂದು ಕೂಗಿದ.

ಬಂದರು ಅಧಿಕಾರಿ ನಕ್ಕ. "ಅಂದ್ರೆ ಈ ಅಲೆ ಒಂದಷ್ಟು ಗಂಡಸರ ಸ್ವಂತ ಆಸ್ತಿ ಅಂತಾಯ್ತು. ಇದಕ್ಕೋಸ್ಕರ ನಾವು ಗೋಡೆ ಕೈಬಿಡ್ಬೇಕಾ?"

"ಔಷಧಿ ಅಂಗಡಿ ಬಾಗಿಲಿಗೆ ಯಾರೋ ಅಡ್ಡ ನಿಂತಿದಾರೆ ಅಂತ ಅಂಗಡೀನೇ ಕೆಡವ್ತೀರಾ ಸರ್? ಅಡ್ಡ ನಿಂತವರನ್ನ ಸರಿಸ್ಬೇಕು" ಎಂದಳು ಅವಳು.

ಆಗ ಬಸ್ ಚಾಲಕಿ ಸಮವಸ್ತ್ರದಲ್ಲೇ ಎದ್ದು ನಿಂತಳು. "ನಂಗೆ ಆ ಅಲೆ ಬೇಕು ಸರ್. ಇಲ್ಲಿರೋ ಇವರು ಯಾರೂ ಬೇಡ."

ಸಮಿತಿ ಬಹಳ ಹೊತ್ತು ಕಿತ್ತಾಡಿತು. ಕೊನೆಗೆ, ಗೋಡೆಯ ಕೆಲಸ ಸದ್ಯಕ್ಕೆ ಬೇಡ, ತೀರದಲ್ಲಿ ಕಾವಲುಗಾರನನ್ನು ಇಡಬೇಕು, ಯಾರನ್ನೂ ತಡೆಯುವಂತಿಲ್ಲ ಎಂದು ತೀರ್ಮಾನವಾಯಿತು. ಅಲೆ ಉಳಿಯಿತು, ಅಂಗಡಿಯೂ ಉಳಿಯಿತು. ಆದರೂ ಭಾವ ಅವಳನ್ನು ದಾಟಿಕೊಂಡು ಹೋಗುವಾಗ ಭುಜದಿಂದ ನೂಕಿಯೇ ಹೋದ.

ಅವಳು ಮನೆ ಮುಟ್ಟುವಷ್ಟರಲ್ಲಿ ಅವಳ ಬ್ಯಾಗುಗಳು ಗೇಟಿನಾಚೆ ಬಿದ್ದಿದ್ದವು. ಒಂದರ ಜಿಪ್ಪು ಕಿತ್ತು, ಬಟ್ಟೆಗಳು ಹೊರಗಿಣುಕುತ್ತಿದ್ದವು. ಬಾಗಿಲು ತಟ್ಟಲು ಅವಳಿಗೆ ಮನಸ್ಸಾಗಲಿಲ್ಲ. ಎರಡನ್ನೂ ಎಳೆದುಕೊಂಡು ಬೀದಿಯ ತಿರುವಿಗೆ ಬರುವಾಗ ಹಿಂದಿನಿಂದ ಅಕ್ಕ ಬಂದು ದೊಡ್ಡ ಬ್ಯಾಗನ್ನು ಕೈಯಿಂದ ಕಸಿದುಕೊಂಡಳು. ಬಸ್ ನಿಲ್ದಾಣದವರೆಗೂ ಅದನ್ನು ತಾನೇ ಹೊತ್ತು ಮುಂದೆ ಮುಂದೆ ನಡೆದಳು.

ಬಸ್ಸು ಬಂದಾಗ ಅಕ್ಕ ಹೇಳಿದಳು, "ನಿನ್ನ ಜೊತೆ ಮಾತಾಡಲ್ಲ ನಾನು. ಅವ್ರು ನನ್ನ ಗಂಡ."

"ಮತ್ತೆ ಯಾಕೆ ಬಂದೆ?"

"ಬ್ಯಾಗು ಭಾರ ಇತ್ತು" ಎಂದಳು ಅಕ್ಕ. ಅದನ್ನು ಬಸ್ಸಿನೊಳಕ್ಕೆ ತಳ್ಳಿ, ತಿರುಗಿ ನೋಡದೆ ಹೊರಟುಹೋದಳು.