ಟೋಪಿಯ ಹಿಂದೆ

ತೀರಿಕೊಂಡ ಮುನಿರಾಜಪ್ಪನ ಬಾಯಿಗೆ ಅಕ್ಕಿಕಾಳು ಹಾಕಿ ಸಂಜೀವಪ್ಪ ಕೈ ಕೊಡವಿಕೊಂಡ. "ಈ ಬಾಯಿ ನಮ್ ಸೌದೆ ಡಿಪೋದಲ್ಲಿ ದಿನಕ್ಕೆ ನಾಕು ಮಾತಾಡ್ತಿರ್ಲಿಲ್ಲ."

"ಟೆಂಟಲ್ಲಿ ಕೇಳಿದ್ರೆ ಹಂಗನ್ತಿರ್ಲಿಲ್ಲ ನೀವು," ಎಂದ ಜಗಲಿಯಲ್ಲಿ ಕೂತಿದ್ದ ಶೌಕತ್.

ಮಾತಿಲ್ಲದ ಸಿನಿಮಾಗಳ ಕಾಲದಲ್ಲಿ ದಂಡು ಪ್ರದೇಶದ ಸಿನಿಮಾ ಟೆಂಟಿನಲ್ಲಿ ಶೌಕತ್ ಮಿಷನ್ ತಿರುಗಿಸುತ್ತಿದ್ದ. ಪರದೆ ಮೇಲೆ ಇಂಗ್ಲಿಷ್ ಬರಹ ಬಂದಾಗಲೆಲ್ಲ ಮುನಿರಾಜಪ್ಪ ಪಕ್ಕದಲ್ಲಿ ನಿಂತು ಕತೆ ಹೇಳುತ್ತಿದ್ದ.

"ಒಂದು ನಗೋ ಪಿಕ್ಚರ್ ಬಂತು. ಗಾಳಿಗೆ ಟೋಪಿ ಹಾರುತ್ತೆ, ಒಬ್ಬ ದಪ್ಪನೆಯವ್ನು ಹಿಂದೆ ಓಡ್ತಾನೆ. ಅಷ್ಟೇ ಕಣ್ರೀ. ಇವ್ನು 'ಅದು ಸತ್ತೋದ ಮಗನ ಟೋಪಿ' ಅಂದ್ಬಿಟ್ಟ! ನೆಲದ ಮೇಲ್ ಕೂತೋರೆಲ್ಲ ಗೊಳೋ. ಕುರ್ಚೀಲಿ ಸೋಲ್ಜರ್‌ಗಳು ಬಿದ್ದು ಬಿದ್ದು ನಗ್ತಾವ್ರೆ. ನಮ್ ಅಂಜಿನಮ್ಮ ಎದ್ದು, 'ನಿಮ್ಗೆ ಮಕ್ಳುಮರಿ ಇಲ್ವೇನ್ರೋ' ಅಂತ ಕಡ್ಲೆಕಾಯಿ ಸಿಪ್ಪೆ ಎಸೆದ್ಲು!"

"ಈಗ್ಲೂ ಎಸೀತೀನಿ," ಎಂದಳು ಮೂಲೆಯಿಂದ ಅಂಜಿನಮ್ಮ.

ಸಾವಿನ ಮನೆಯೆಂದು ಬಾಯಿಗೆ ಸೆರಗು ಒತ್ತಿಕೊಂಡು ಹೆಂಗಸರು ನಕ್ಕರು.

"ಪಾಪ, ಅವ್ನಿಗೆಲ್ಲಿ ಇಂಗ್ಲಿಷ್ ಬರ್ತಿತ್ತು," ಎಂದ ಶೌಕತ್, ಕಣ್ಣೊರೆಸಿಕೊಳ್ಳುತ್ತ.

ಗೋವಿಂದಮ್ಮ ಗಂಡನ ತಲೆಯ ಬಳಿ ಕೂತಿದ್ದಳು. ನಕ್ಕರೆ ನಗಲಿ. ಆದರೆ ಓದು ಬಾರದವನೆನಿಸಿಕೊಂಡು ಅವನು ಈ ಹೊಸಿಲು ದಾಟುವುದು ಬೇಡವಾಗಿತ್ತು.

* * *

"ಇವತ್ತೊಂದಿನ ಹೋಗ್ಬೇಡಿ," ಅಂದಿದ್ದಳು ಗೋವಿಂದಮ್ಮ, ಆ ಟೋಪಿ ಪಿಕ್ಚರಿನ ಸಂಜೆ.

"ನನ್ ಬದ್ಲು ಯಾರಿದಾರೆ?"

ಟೆಂಟಿನಲ್ಲಿ ಅವನು ಯಾರಿಗೂ ಹೇಳಲಿಲ್ಲ. ವಾಪಸು ಬಂದು ಬಾಗಿಲಲ್ಲೇ ನಿಂತ.

"ನಗೋ ಹಂಗೇ ಬರ್ದಿತ್ತು. ಓದ್ದೆ. ಬಾಯಲ್ಲಿ ಬೇರೆ ಬಂತು."

ಆಮೇಲೆ ಜನ ಮೂರು ವಾರ ಅದೇ ಕತೆ ಬೇಕೆಂದರು. ಮೂರು ವಾರವೂ ಹೇಳಿದ.

* * *

"ಅವ್ರಿಗೆ ಓದಕ್ ಬರ್ತಿತ್ತು, ಶೌಕತ್ ಭಾಯ್."

ಗೋವಿಂದಮ್ಮ ಟ್ರಂಕಿನಿಂದ ಒಂದು ಕೆಂಪು ಕುಲಾವಿ ತೆಗೆದಳು. ಎಂಟು ತಿಂಗಳ ಕೂಸಿನ ತಲೆಯಷ್ಟಗಲ.

"ಅವತ್ತು ಬೆಳಿಗ್ಗೆ ನಮ್ ಮಗೂನ ಮಣ್ಣು ಮಾಡಿ ಬಂದಿದ್ರು."

 ಅವಳು ಕುಲಾವಿಯನ್ನು ಗಂಡನ ಬೆರಳುಗಳ ನಡುವೆ ಸಿಕ್ಕಿಸಿದಳು.

ಚಟ್ಟ ಎತ್ತಿದರು. ಓಣಿ ದಾಟಿ ಹಲಸೂರಿನ ದೊಡ್ಡ ರಸ್ತೆಗೆ ತಿರುಗುವಾಗ ಗಾಳಿ ಬೀಸಿತು. ಕುಲಾವಿ ಜಾರಿ ಧೂಳಿನಲ್ಲಿ ಉರುಳಿತು. ಶೌಕತ್ ಒಂದು ಕೈಯಲ್ಲಿ ಲುಂಗಿ ಹಿಡಿದುಕೊಂಡು ಅದರ ಹಿಂದೆ ಓಡಿದ. ಬಗ್ಗಿದರೆ ಮುಂದೆ ಹೋಯಿತು. ಮತ್ತೆ ಬಗ್ಗಿದ, ಮತ್ತೆ ಹೋಯಿತು.

ಎದುರಿಗೆ ನಿಧಾನಿಸಿದ ಮಿಲಿಟರಿ ಲಾರಿಯಲ್ಲಿ ಸೋಲ್ಜರ್‌ಗಳು ಬಿದ್ದು ಬಿದ್ದು ನಕ್ಕರು.

ಓಣಿಯ ಬಾಯಿಯವರೆಗೆ ಬಂದಿದ್ದ ಅಂಜಿನಮ್ಮ ನೆಲಕ್ಕೆ ಬಗ್ಗಿ, ಕೈಗೆ ಸಿಗುವಂಥ ಕಲ್ಲು ಹುಡುಕತೊಡಗಿದಳು.