ತಾಮ್ರದ ಮೇಲಿನ ನಾಲ್ಕು

“ಒತ್ತಿ ಹಿಡಿ ಅಮ್ಮಾ, ಎಳೀಬೇಡ,” ಎಂದಳು ಮಗಳು.

“ನಲವತ್ತು ವರ್ಷ ಊರವರ ಬಟ್ಟೆ ಹೊಲಿದು ಇಸ್ತ್ರಿ ಮಾಡಿದೀನಿ. ಈಗ ನಿನ್ನ ಹತ್ರ ಪಾಠ ಹೇಳಿಸ್ಕೋಬೇಕಾ?”

ಗಾಲಿಕುರ್ಚಿಯನ್ನು ಅಡುಗೆಮನೆಯ ಮೇಜಿಗೆ ಒತ್ತಿಕೊಂಡು ಕೂತಿದ್ದ ಅಮ್ಮನ ಇಸ್ತ್ರಿಪೆಟ್ಟಿಗೆಯ ಕೆಳಗೆ ಬಟ್ಟೆ ಇರಲಿಲ್ಲ. ಅಂಗೈಯಗಲದ ತಾಮ್ರದ ಹಲಗೆ ಇತ್ತು. ಅದರ ಮೇಲೆ ಬೋರಲಾಗಿ ಒಂದು ನುಣುಪು ಕಾಗದ. ಕಾಗದದಲ್ಲಿ ಅಚ್ಚಾಗಿದ್ದ ಕಪ್ಪು ಗೆರೆಗಳು ಬಿಸಿಗೆ ಕರಗಿ ತಾಮ್ರಕ್ಕೆ ಅಂಟಬೇಕು. ಆಮೇಲೆ ಹಲಗೆಯನ್ನು ಕಂದು ದ್ರಾವಣದಲ್ಲಿ ಮುಳುಗಿಸಿದರೆ ಗೆರೆ ಇಲ್ಲದ ಕಡೆ ತಾಮ್ರ ಕರಗಿ, ಇದ್ದಲ್ಲಿ ಉಳಿಯುತ್ತದೆ. ಒತ್ತುವುದು ನಾಲ್ಕೇ ನಿಮಿಷ. ಮೀರಿದರೆ ಮಸಿ ಹರಡಿ ಗೆರೆಗೆ ಗೆರೆ ಕೂಡಿಕೊಂಡು ಹಲಗೆ ಕೆಟ್ಟಂತೆಯೇ. ಮಗಳು ಗಡಿಯಾರ ನೋಡಿ “ಸಾಕು” ಎಂದಳು. ಅಮ್ಮ ಕೈ ಎತ್ತಿದಳು.

ಅವರ ಮನೆ ನಾಲ್ಕನೇ ಮಹಡಿಯಲ್ಲಿ. ಲಿಫ್ಟ್ ನಿಂತು ಏಳು ತಿಂಗಳಾಗಿತ್ತು. ಗುಂಡಿ ಒತ್ತಿದ್ದನ್ನು ಯಂತ್ರಕ್ಕೆ ತಿಳಿಸುವ ಒಂದು ಸಣ್ಣ ಹಲಗೆ ಸುಟ್ಟಿತ್ತು. ಕಂಪನಿ ಅಂಥದನ್ನು ಮಾಡುವುದನ್ನೇ ಬಿಟ್ಟಿತ್ತು. ಹೊಸ ಲಿಫ್ಟ್ ಹಾಕಿಸಬೇಕೆಂದರೆ ಕೆಳಗಿನ ಮೂರು ಮಹಡಿಯವರೂ ಮೆಟ್ಟಿಲು ಹತ್ತುವುದು ಆರೋಗ್ಯಕ್ಕೆ ಒಳ್ಳೆಯದೆಂದು ಉಪದೇಶ ಮಾಡಿದ್ದರು. ಒಮ್ಮೆ ನಾಲ್ಕು ಜನ ಅಮ್ಮನನ್ನು ಕುರ್ಚಿಸಮೇತ ಹೊತ್ತು ಇಳಿಸಲು ಹೋಗಿ, ಎರಡನೇ ತಿರುವಿನಲ್ಲಿ ಕೈ ಜಾರಿ ಅವಳ ಮಣಿಕಟ್ಟು ಮುರಿದಿತ್ತು. ಅಂದಿನಿಂದ ಅವಳು ಹೊಸ್ತಿಲು ದಾಟಿರಲಿಲ್ಲ. ಮನೆಯಲ್ಲೇ ಮಿಕ್ಸಿ, ರೇಡಿಯೊ ರಿಪೇರಿ ಮಾಡುವ ಮಗಳೂ ಅರ್ಧ ಗಂಟೆಗಿಂತ ಹೆಚ್ಚು ಹೊರಗಿದ್ದದ್ದಿಲ್ಲ.

ಈಗ ಅವಳಿಗೆ ಬೇರೆ ಊರಿನಲ್ಲಿ, ಆಸ್ಪತ್ರೆಯ ಯಂತ್ರ ರಿಪೇರಿ ಮಾಡುವ ಕಡೆ ಕೆಲಸ ಸಿಕ್ಕಿತ್ತು. ನಾಳೆ ಬೆಳಿಗ್ಗೆ ಹಾಜರಾಗಬೇಕು. ಅಮ್ಮನನ್ನು ನೆಲಮಹಡಿಯಲ್ಲಿರುವ ತನ್ನ ಮನೆಗೆ ಕರೆದೊಯ್ಯಲು ಅಣ್ಣ ನಾಲ್ಕು ಗಂಟೆಗೆ ಗಾಡಿ ತರುವವನಿದ್ದ. ಸುರಕ್ಷತೆಯ ತಂತಿಗಳೇ ಬೇರೆ, ಅವಕ್ಕೂ ಈ ಹಲಗೆಗೂ ಸಂಬಂಧವಿಲ್ಲ, ನೀನು ಮಾಡಿಕೊಟ್ಟರೆ ಕೂರಿಸಿ ನೋಡುತ್ತೇನೆ ಎಂದು ಲಿಫ್ಟ್ ಮೆಕ್ಯಾನಿಕ್ ಒಪ್ಪಿದ್ದ. ಮೂರು ಗಂಟೆಗೆ ಬರುತ್ತಾನೆ. ನಾಳೆಯಿಂದ ಅವನೂ ಬೇರೆ ಕಡೆ.

ಮಗಳು ಹಲಗೆಯನ್ನು ಬೋಗುಣಿಯ ನೀರಿಗೆ ಹಾಕಿದಳು. ಕಾಗದ ನೆನೆದ ಮೇಲೆ ಹೆಬ್ಬೆರಳಿನಿಂದ ಉಜ್ಜಿ ಬಿಡಿಸಿದಳು. ಒಂದು ಗೆರೆಯೂ ಮುರಿದಿರಲಿಲ್ಲ. ಅಮ್ಮನ ಕೈಯೇ ಕೈ ಎನ್ನಲು ಬಾಯಿ ತೆರೆದವಳು ಹಾಗೇ ನಿಂತಳು. ಮಹಡಿಗಳ ಗುರುತಿಗೆ ಅಂಚಿನಲ್ಲಿ ಹಾಕಿದ್ದ ಅಂಕಿಗಳಲ್ಲಿ ನಾಲ್ಕು ಹಿಂದುಮುಂದಾಗಿತ್ತು. ಮೂರೂ, ಎರಡೂ ಹಾಗೆಯೇ.

ಅಚ್ಚು ಬೋರಲು ಬೀಳುವುದರಿಂದ ಕಾಗದದ ಮೇಲೆ ಎಲ್ಲವೂ ಉಲ್ಟಾ ಇರಬೇಕು. ಪ್ರಿಂಟಿನ ಅಂಗಡಿಗೆ ಅವಳು ಉಲ್ಟಾ ಮಾಡಿಯೇ ಕೊಟ್ಟಿದ್ದಳು. ಇಸ್ತ್ರಿಗೆ ಮುಂಚೆ ಕಾಗದದ ಅಂಚು ಕತ್ತರಿಸಿದ್ದು ಅಮ್ಮ.

“ಕತ್ತರಿಸುವಾಗ ಅಂಕಿ ಹೇಗಿತ್ತು?”

“ನೆಟ್ಟಗಿತ್ತು.”

“ನೆಟ್ಟಗಿದ್ರೆ ತಪ್ಪು ಅಂತ ನಿನ್ನೆ ರಾತ್ರಿ ಹೇಳಿದ್ನಲ್ಲ.”

“ಹೇಳಿದ್ದೆ.” ಅಮ್ಮ ಇಸ್ತ್ರಿಪೆಟ್ಟಿಗೆಯ ವೈರನ್ನು ಕೈಗೆ ಸುತ್ತಿಕೊಳ್ಳತೊಡಗಿದಳು. “ಗೊತ್ತಿತ್ತು ಕಣೇ. ಸುಮ್ಮನಿದ್ದೆ.”

ಮಗಳು ಹಲಗೆಯನ್ನು ಮೇಜಿನ ಮೇಲಿಟ್ಟಳು.

“ನಿಮ್ಮಣ್ಣನ ಮನೇಲಿ ನಂಗೆ ಕೊಟ್ಟಿರೋ ರೂಮು ನೋಡಿದೀಯಲ್ಲ. ಕಿಟಕಿ ತೆಗೆದ್ರೆ ಪಕ್ಕದ ಮನೆ ಗೋಡೆ. ಇಲ್ಲಿ ಬೀದಿಯಾದ್ರೂ ಕಾಣುತ್ತೆ.”

ಗಂಟೆ ಹನ್ನೊಂದೂವರೆ. ಮಗಳು ಉಳಿದಿದ್ದ ಕಾಗದವನ್ನೂ ನೋಡಿದಳು. ಅದೂ ನೆಟ್ಟಗೇ ಇತ್ತು. ಚಪ್ಪಲಿ ಮೆಟ್ಟಿ ನಾಲ್ಕು ಮಹಡಿ ಇಳಿದಳು.

ಪ್ರಿಂಟಿನ ಅಂಗಡಿಯವನು ಅವಳನ್ನು ಕಂಡು ನಕ್ಕ. ಅಂಕಿಗಳೆಲ್ಲ ತಿರುಗುಮುರುಗಾಗಿದ್ದವು, ಪಾಪ ಅವಸರದಲ್ಲಿ ನೋಡಿಕೊಂಡಿಲ್ಲ ಅಂತ ತಾನೇ ಸರಿಮಾಡಿ ತೆಗೆದುಕೊಟ್ಟೆ ಎಂದ. ಥ್ಯಾಂಕ್ಸ್ ನಿರೀಕ್ಷಿಸುವವನಂತೆ ಅವಳ ಮುಖ ನೋಡಿದ. ಕೆಡಿಸಿಯೇ ಕೊಡಿ ಎಂದು ಅವಳು ಎರಡು ಸಲ ಹೇಳಬೇಕಾಯಿತು.

ಏದುಸಿರು ಬಿಡುತ್ತ ಮೇಲೆ ಬಂದಾಗ ತಾಮ್ರ ಥಳಥಳ ಹೊಳೆಯುತ್ತಿತ್ತು. ಅಮ್ಮ ಥಿನ್ನರಿನಿಂದ ಮಸಿ ಒರೆಸಿ, ಸ್ಟೀಲ್ ನಾರಿನಿಂದ ತಿಕ್ಕಿಟ್ಟಿದ್ದಳು. ಇಸ್ತ್ರಿಪೆಟ್ಟಿಗೆಯ ದೀಪ ಕೆಂಪಗೆ ಉರಿಯುತ್ತಿತ್ತು. ಮಾತಾಡದೆ ಕಾಗದ ಇಸಿದುಕೊಂಡು, ಕಣ್ಣಿನಿಂದ ದೂರ ಹಿಡಿದು ನೋಡಿದಳು.

“ಈಗ ಉಲ್ಟಾ ಇದೆ.”

“ಹೂಂ.”

ಅಮ್ಮ ಅಂಚು ಕತ್ತರಿಸಿ, ತಾಮ್ರದ ಮೇಲೆ ಬೋರಲು ಹಾಕಿ, ಟೇಪು ಅಂಟಿಸಿದಳು. ಆಗ ಮಗಳಿಗೆ ಅವಳ ಕಾಲು ಕಂಡಿತು. ಏಳು ತಿಂಗಳು ಕಪಾಟಿನಡಿ ಬಿದ್ದಿದ್ದ ಚಪ್ಪಲಿಗಳು ಗಾಲಿಕುರ್ಚಿಯ ಪಾದಪಟ್ಟಿಯ ಮೇಲೆ ಜೋಡಿಯಾಗಿದ್ದವು. ಧೂಳು ಒರೆಸಿತ್ತು. ಎಡಗಾಲಿನದರ ಪಟ್ಟಿ ಸರಿಯಾಗಿ ಸಿಕ್ಕಿರಲಿಲ್ಲ.

ಮಗಳು ಬಗ್ಗಿ ಆ ಪಟ್ಟಿ ಸಿಕ್ಕಿಸಿದಳು.

“ಟೈಮ್ ನೋಡ್ಕೋ. ಆದಾಗ ಹೇಳು,” ಎಂದು ಅಮ್ಮ ಬೆರಳು ಒದ್ದೆ ಮಾಡಿ ಇಸ್ತ್ರಿಪೆಟ್ಟಿಗೆಗೆ ಮುಟ್ಟಿಸಿದಳು. ಚುಯ್ ಎಂದಿತು. ಎರಡೂ ಕೈಯಿಂದ ಒತ್ತಿ ಹಿಡಿದು ಕಿಟಕಿಯ ಕಡೆ ಮುಖ ತಿರುಗಿಸಿದಳು. ಕೆಳಗೆ ಯಾರೋ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ಅವರು ಬೀದಿಯ ಕೊನೆ ಮುಟ್ಟುವವರೆಗೂ ಅಮ್ಮ ನೋಡಿದಳು.

ಗಡಿಯಾರದ ಸೆಕೆಂಡಿನ ಮುಳ್ಳು ನಾಲ್ಕನೇ ಸುತ್ತು ಮುಗಿಸಿ ಐದನೆಯದಕ್ಕೆ ಹೊರಟಿತು. ಮಗಳು “ಸಾಕು” ಎನ್ನದೆ ಅದನ್ನೇ ನೋಡುತ್ತ ನಿಂತಿದ್ದಳು.